ಚಪ್ಪರವನ್ನು ಯಾವ ಪಟ್ಟಿಗೆ ಸೇರಿಸೋಣ?

ಬಸವನಗುಡಿಯಲ್ಲೋ ಚಾಮರಾಜಪೇಟೆಯಲ್ಲೋ ಒಂದು ಹಳೆಯ ಮನೆ ಉರುಳುತ್ತದೆ. ಮಾರನೇ ದಿನ ಪೇಪರಿನಲ್ಲಿ ಫೋಟೊ. ಅರ್ಧ ಬಿದ್ದ ಗೋಡೆ, ಪುಡಿಯಾದ ಕೆಂಪು ನೆಲ, ಕಾಂಪೌಂಡಿಗೆ ಒರಗಿಸಿಟ್ಟ ತೇಗದ ಬಾಗಿಲು. ಬಾಗಿಲು ಹಳೆ ಮರದ ಅಂಗಡಿಗೆ ಹೋಗುತ್ತದೆ, ಉಳಿದದ್ದು ಲಾರಿಗೆ. ‘ಇನ್ನೊಂದು ಪಾರಂಪರಿಕ ಕಟ್ಟಡ ನೆಲಸಮ’ ಎಂಬ ತಲೆಬರಹ ಓದಿದವರಿಗೆ ಹುಟ್ಟುವ ಪ್ರಶ್ನೆ ಒಂದೇ. ಪಾರಂಪರಿಕ ಅಂದಮೇಲೆ ಕೆಡವೋಕೆ ಬಿಟ್ಟವರು ಯಾರು?

ಈ ಗೊಂದಲಕ್ಕೆ ಈಗ ಇನ್ನೊಂದು ಸೇರಿಕೊಂಡಿದೆ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಯಿತು. ಅದರ ಜಾಗಕ್ಕೆ ಐದು ನಗರ ಪಾಲಿಕೆಗಳು ಬಂದವು, ಅವುಗಳ ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಕೂತಿತು. ಚಾಮರಾಜಪೇಟೆ ಕೇಂದ್ರ ಪಾಲಿಕೆಗೆ ಸೇರಿತು. ಪಕ್ಕದ ಬಸವನಗುಡಿ ಪಶ್ಚಿಮ ಪಾಲಿಕೆಗೆ ಹೋಯಿತು. ಸಂಗೀತ ಕೇಳುವವರ ಲೆಕ್ಕದಲ್ಲಿ ಮಾತ್ರ ಇವೆರಡೂ ಒಂದೇ ಕೇರಿ. ಒಂದು ಕಡೆ ಕಛೇರಿ ಶುರುವಾಗುವ ವರ್ಣ ಕೇಳಿ ಎದ್ದರೆ ಇನ್ನೊಂದು ಕಡೆ ತನಿ ಆವರ್ತನದ, ಅಂದರೆ ಮೃದಂಗದವರು ಒಬ್ಬರೇ ನುಡಿಸುವ ಭಾಗದ, ಹೊತ್ತಿಗೆ ಆರಾಮಾಗಿ ತಲುಪಬಹುದು.

ಹಳೆ ಮನೆಗಳ ಬಗ್ಗೆ ಮಾತಾಡುವಾಗ ನಾವು ಸಾಮಾನ್ಯವಾಗಿ ಕಿಟಕಿ, ಕಂಬ, ಮಾಡುಗಳನ್ನೇ ನೋಡುತ್ತೇವೆ. ನಿಯಮಗಳೂ ಅದನ್ನೇ ನೋಡುತ್ತವೆ. ಈ ಭಾಗದ ಸಂಗೀತ ಬೆಳೆದದ್ದು ಹಜಾರದಲ್ಲಿ, ಶಾಲೆಯ ಮೈದಾನದಲ್ಲಿ, ಬಿದಿರು ನೆಟ್ಟು ಕಟ್ಟಿದ ಚಪ್ಪರದಲ್ಲಿ. ಇವನ್ನು ಯಾವ ಪಟ್ಟಿಗೆ ಸೇರಿಸಬೇಕು ಎಂದು ಯಾರೂ ಸರಿಯಾಗಿ ಯೋಚಿಸಿಲ್ಲ. ತೊಡಕು ಇರುವುದು ಅಲ್ಲೇ.

‘ಪಾರಂಪರಿಕ’ ಎಂದರೆ ಯಾರ ಮಾತು?

ಈ ಒಂದು ಪದವನ್ನು ಮೂರು ಅರ್ಥದಲ್ಲಿ ಬಳಸುತ್ತೇವೆ. ಅರ್ಧ ಗೊಂದಲ ಇದರಿಂದಲೇ ಬಂದದ್ದು.

ಮೊದಲನೆಯದು ಜನರ ಮಾತು. ಹಳೆಯದಾಗಿದೆ, ಚೆಂದ ಇದೆ, ಬೀದಿಗೆ ಒಂದು ಕಳೆ ಕೊಟ್ಟಿದೆ, ಹಾಗಾಗಿ ಪಾರಂಪರಿಕ. ಇದಕ್ಕೆ ಕಾನೂನಿನ ಬಲವಿಲ್ಲ. ಎರಡನೆಯದು ಪರಂಪರೆ ಉಳಿಸಲು ದುಡಿಯುವ ಇಂಟ್ಯಾಕ್‌ನಂಥ ಸಂಸ್ಥೆಗಳು ಮಾಡುವ ದಾಖಲೆ. ಅವರು ಬೀದಿ ಬೀದಿ ತಿರುಗಿ, ಫೋಟೊ ತೆಗೆದು, ಇತಿಹಾಸ ಹುಡುಕಿ ಪಟ್ಟಿ ಮಾಡುತ್ತಾರೆ. ಬೆಲೆಬಾಳುವ ಕೆಲಸ, ಸಂಶಯವಿಲ್ಲ. ಆದರೆ ಆ ಪಟ್ಟಿಯಲ್ಲಿ ಹೆಸರಿದೆ ಎಂದ ಮಾತ್ರಕ್ಕೆ ಜೆಸಿಬಿ ನಿಲ್ಲುವುದಿಲ್ಲ.

ಮೂರನೆಯದು ಸರ್ಕಾರ ಅಧಿಸೂಚನೆ ಹೊರಡಿಸಿ ಹೇಳುವ ‘ಪಾರಂಪರಿಕ’. ಇದಕ್ಕಷ್ಟೇ ಬಲ. ಇದರೊಳಗೂ ಬೇರೆ ಬೇರೆ ದಾರಿಗಳಿವೆ. ಕೃಷ್ಣರಾಜ ಮಾರುಕಟ್ಟೆಯ ಬಳಿ ಇರುವ ಟಿಪ್ಪು ಬೇಸಿಗೆ ಅರಮನೆ, ಬೆಂಗಳೂರು ಕೋಟೆ ಇವು ಕೇಂದ್ರದ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕಗಳು. 1958ರ ಕಾಯ್ದೆ, 2010ರಲ್ಲಿ ಅದಕ್ಕೆ ಬಂದ ತಿದ್ದುಪಡಿ ಇವಕ್ಕೆ ಅನ್ವಯಿಸುತ್ತದೆ. ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ, ಅದರಾಚೆಯ 200 ಮೀಟರ್‌ನಲ್ಲಿ ಕಟ್ಟಲು ಅನುಮತಿ ಬೇಕು. ಗಟ್ಟಿ ಕಾನೂನು. ಆದರೆ ಸ್ಮಾರಕಗಳಿಗೆ ಮಾತ್ರ. ಗಾಂಧಿ ಬಜಾರಿನ ಹಿಂದಿನ ರಸ್ತೆಯಲ್ಲಿರುವ ನೂರು ವರ್ಷದ ಬಂಗಲೆ ಇದರ ಕಣ್ಣಿಗೆ ಬೀಳುವುದಿಲ್ಲ.

ಅಂಥ ಬಂಗಲೆಗೆ ಇರುವುದು ನಗರ ಯೋಜನೆಯ ದಾರಿ. 1961ರ ಕರ್ನಾಟಕ ಪಟ್ಟಣ ಮತ್ತು ಗ್ರಾಮಾಂತರ ಯೋಜನೆ ಕಾಯ್ದೆಗೆ ‘ಪಾರಂಪರಿಕ ಕಟ್ಟಡ’, ‘ಪಾರಂಪರಿಕ ಪ್ರದೇಶ’ ಎಂಬ ವ್ಯಾಖ್ಯೆಗಳು ಆಮೇಲೆ ಬಂದು ಸೇರಿದವು. 2020ರಲ್ಲಿ ಬೆಂಗಳೂರಿನ ವಲಯ ನಿಯಮಗಳಿಗೂ ಪಾರಂಪರಿಕ ಕಟ್ಟಡಗಳ ಬಗ್ಗೆ ನಿಯಮ ಸೇರಿಸಿದರು. ನಿಯಮ ಬಂದರೆ ಸಾಲದು. ಯಾವ ಕಟ್ಟಡ ಎಂದು ಗುರುತಿಸಬೇಕು, ದರ್ಜೆ ಕೊಡಬೇಕು, ಮಾಲೀಕರ ಆಕ್ಷೇಪ ಕೇಳಬೇಕು, ಅಧಿಸೂಚನೆ ಹೊರಡಿಸಬೇಕು. ಈ ಕೊನೆಯ ಹೆಜ್ಜೆ ಆಗುವ ತನಕ ಮನೆ ಬರೀ ಮನೆ. ಕೆಡವಿದರೆ ಕಾನೂನು ಮುರಿದಂತೆ ಆಗುವುದಿಲ್ಲ. ಪೇಪರಿನವರು ಮೊದಲ ಅರ್ಥದಲ್ಲಿ ಬರೆಯುತ್ತಾರೆ, ನಾವು ಮೂರನೆಯ ಅರ್ಥದಲ್ಲಿ ಓದುತ್ತೇವೆ.

ಬೆಂಗಳೂರು ಈ ವಿಷಯದಲ್ಲಿ ತಡವಾಗಿ ಎದ್ದ ಊರೇನೂ ಅಲ್ಲ. 1970ರ ದಶಕದಲ್ಲೇ ಇಲ್ಲಿ ನಗರ ಕಲಾ ಆಯೋಗ ಅಂತ ಒಂದಿತ್ತು. ಆಮೇಲೆ ಅದನ್ನು ಮುಚ್ಚಿದರು. 1980ರ ದಶಕದಲ್ಲಿ ಅಠಾರಾ ಕಚೇರಿಯನ್ನೇ ಕೆಡವುವ ಮಾತು ಬಂದಿತ್ತು. ಜನ ಎದ್ದು ನಿಂತದ್ದರಿಂದ ಕಬ್ಬನ್ ಪಾರ್ಕಿನ ಆ ಕೆಂಪು ಕಟ್ಟಡ ಇವತ್ತಿಗೂ ಹೈಕೋರ್ಟಾಗಿ ನಿಂತಿದೆ. ಮುಂಬೈ 1995ರಲ್ಲೇ ತನ್ನ ಹಳೆ ಕಟ್ಟಡಗಳಿಗೆ ದರ್ಜೆವಾರು ನಿಯಮ ಮಾಡಿಕೊಂಡಿತು. ನಮ್ಮಲ್ಲಿ ಅಷ್ಟು ಹೊತ್ತಿಗೆ ನಡುಬೆಂಗಳೂರಿನ ಎಷ್ಟೋ ಬಂಗಲೆಗಳ ಜಾಗದಲ್ಲಿ ಕಾಂಪ್ಲೆಕ್ಸ್ ಎದ್ದಾಗಿತ್ತು.

ಪ್ಲೇಗು ಕೊಟ್ಟ ಅಗಲ ಬೀದಿಗಳು

ಚಾಮರಾಜಪೇಟೆ ಹುಟ್ಟಿದ್ದು 1892ರಲ್ಲಿ. ಹೆಸರು ಚಾಮರಾಜೇಂದ್ರ ಒಡೆಯರದ್ದು. ಕೋಟೆ ಮತ್ತು ಪೇಟೆಯ ಇಕ್ಕಟ್ಟಿನಿಂದ ಹೊರಗೆ, ನೇರ ರಸ್ತೆಗಳನ್ನು ಎಳೆದು ಮಾಡಿದ ಬಡಾವಣೆ. ಬಸವನಗುಡಿ, ಮಲ್ಲೇಶ್ವರಗಳ ಯೋಜನೆಯೂ ಅದೇ ದಶಕದ್ದು. 1898ರಲ್ಲಿ ಪ್ಲೇಗು ಬಂದು ಪೇಟೆಯ ಜನ ದಿಕ್ಕಾಪಾಲಾದಾಗ ಅವುಗಳ ಕೆಲಸಕ್ಕೆ ವೇಗ ಬಂತು. ಗಾಳಿ, ಬೆಳಕು ಬೇಕು, ಮನೆಗೂ ಮನೆಗೂ ನಡುವೆ ಜಾಗ ಬಿಡಬೇಕು ಅನ್ನುವುದು ಆಗಿನ ಆರೋಗ್ಯದ ಪಾಠ.

ಸಂಗೀತಕ್ಕೆ ಇದರಿಂದ ಏನಾಯಿತು? ಸ್ವಲ್ಪ ನಿಧಾನವಾಗಿ ನೋಡಬೇಕು.

ಸುತ್ತ ಜಾಗ ಇರುವ ಮನೆಯಲ್ಲಿ ಬೆಳಗಿನ ಜಾವ ಐದಕ್ಕೆ ಎದ್ದು ಸಾಧಕ ಮಾಡಬಹುದು. ಪಕ್ಕದವರ ಮಗುವಿಗೆ ಎಚ್ಚರ ಆಗುವುದಿಲ್ಲ. ಈ ಮನೆಗಳ ಸೂರು ಎತ್ತರ. ಗೋಡೆ ದಪ್ಪ, ಅದಕ್ಕೆ ಗಾರೆ. ಮೇಲೆ ಮಂಗಳೂರು ಹೆಂಚು, ಇಲ್ಲವೇ ಮದ್ರಾಸ್ ತಾರಸಿ. ಅಂದರೆ ಮರದ ತೊಲೆಗಳ ಮೇಲೆ ಸಣ್ಣ ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ ಸುಣ್ಣದ ಗಾರೆಯಲ್ಲಿ ಕಟ್ಟಿದ ಮಾಳಿಗೆ. ಮುಂದೆ ಮಂಕಿ ಟಾಪ್ ಎಂದು ಕರೆಯುವ ಮರದ ಚೂಪು ಮಾಡು, ಅದರ ಕೆಳಗೆ ಪಟ್ಟಿಪಟ್ಟಿಯ ಜಾಲರಿ. ಒಳಗೆ ಕಾಲಿಟ್ಟರೆ ಹಜಾರ. ಕೆಂಪು ನೆಲದ ಮೇಲೆ ಜಮಖಾನ ಹಾಸಿದರೆ ನಲವತ್ತು ಐವತ್ತು ಜನ ಒತ್ತಿಕೊಂಡು ಕೂರಬಹುದು. ತಂಬೂರಿಯ ಶ್ರುತಿ ಆ ಎತ್ತರದಲ್ಲಿ ಒಂದು ಸುತ್ತು ಹಾಕಿ ಕೆಳಗಿಳಿಯುತ್ತದೆ. ಮೈಕ್ ಬೇಕಿಲ್ಲ. ಮನೆ ಕಛೇರಿ, ಅಂದರೆ ಮನೆಯಲ್ಲೇ ಸಂಗೀತ ಇಡಿಸುವ ಪದ್ಧತಿ, ಇಂಥ ಹಜಾರಗಳಿಗೆ ಹೇಳಿ ಮಾಡಿಸಿದಂತಿತ್ತು.

ಪಾಠವೂ ಇಂಥ ಮನೆಗಳಲ್ಲೇ ನಡೆಯಿತು. ಸಂಜೆ ಐದರ ಹೊತ್ತಿಗೆ ಜಗಲಿಯ ಮೇಲೆ ಚಪ್ಪಲಿಗಳ ಸಾಲು, ಒಳಗೆ ಸರಳೆ ವರಸೆ, ಅಂದರೆ ಸಂಗೀತದ ಮೊದಲ ಪಾಠ. ಮಕ್ಕಳು ನಡೆದು ಬರುವಷ್ಟು ದೂರದಲ್ಲಿ ಮೇಷ್ಟರ ಮನೆ. ಮೃದಂಗದ ಮುಚ್ಚಿಗೆ ಬದಲಿಸಬೇಕೇ, ವೀಣೆಗೆ ತಂತಿ ಬೇಕೇ, ವಾದ್ಯದ ಅಂಗಡಿಗಳಿರುವ ಬಳೇಪೇಟೆ ಹೆಚ್ಚು ದೂರವಿಲ್ಲ. ಹಾಡುವವರು, ಕಲಿಯುವವರು, ಕೇಳುವವರು, ರಿಪೇರಿ ಮಾಡುವವರು ಎಲ್ಲ ಒಂದೆರಡು ಮೈಲಿಯೊಳಗೆ. ಒಂದು ಊರಿನ ಸಂಗೀತ ತಲೆಮಾರಿನಿಂದ ತಲೆಮಾರಿಗೆ ಹೋಗುವುದು ಹೀಗೆ.

ಇದರ ಜೊತೆಗೆ ಸಂಸ್ಥೆಗಳು. ಬೆಂಗಳೂರು ಗಾಯನ ಸಮಾಜ ಶುರುವಾದದ್ದು 1905ರಲ್ಲಿ. ಕೆ.ಆರ್. ರಸ್ತೆಯ ಅದರ ಸಭಾಂಗಣದಲ್ಲಿ ಹಾಡಿದರೆ ಕಲಾವಿದರಿಗೆ ಇವತ್ತಿಗೂ ಒಂದು ಗೌರವ. 1915ರಲ್ಲಿ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತು ಚಾಮರಾಜಪೇಟೆಯಲ್ಲಿ ನೆಲೆ ಕಂಡಿತು. 1945ರಲ್ಲಿ ಡಿವಿಜಿಯವರು ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಕಟ್ಟಿದರು. ಅದೇ ವರ್ಷ ಬಸವನಗುಡಿಯಲ್ಲಿ ಬಿ.ಪಿ. ವಾಡಿಯಾ ಅವರ ವಿಶ್ವ ಸಂಸ್ಕೃತಿ ಸಂಸ್ಥೆ ಬಂತು. ಪುಸ್ತಕ, ಭಾಷಣ, ಸಂಗೀತ ಮೂರೂ ಒಂದೇ ಜನಕ್ಕೆ ಬೇಕಿದ್ದವು. ಒಂದೇ ಸಂಜೆ ಮೂರನ್ನೂ ಮುಗಿಸಿ ಮಸಾಲೆ ದೋಸೆ ತಿಂದು ಮನೆಗೆ ಹೋಗುವವರೂ ಇದ್ದರು ಎಂದರೆ ಹಳೆ ಬಸವನಗುಡಿಯವರು ಅಲ್ಲಗಳೆಯಲಾರರು.

ಗೋಡೆಯೇ ಇಲ್ಲದ ಸಭಾಂಗಣ

ಈ ಕೇರಿಯ ಅತಿ ದೊಡ್ಡ ಸಂಗೀತದ ಜಾಗ ಯಾವುದು ಎಂದು ಕೇಳಿದರೆ ಬಹುಪಾಲು ರಸಿಕರು ಹೇಳುವ ಹೆಸರು ಕೋಟೆ ಹೈಸ್ಕೂಲ್ ಮೈದಾನ. ಶಾಲೆಯ ಕಟ್ಟಡ 1907ರದ್ದು. ಸಂಗೀತ ನಡೆಯುವುದು ಕಟ್ಟಡದ ಒಳಗಲ್ಲ, ಮೈದಾನದ ಚಪ್ಪರದಲ್ಲಿ.

ಶ್ರೀರಾಮ ಸೇವಾ ಮಂಡಳಿಯ ರಾಮನವಮಿ ಸಂಗೀತೋತ್ಸವ 1939ರಲ್ಲಿ ಚಾಮರಾಜಪೇಟೆಯಲ್ಲಿ ಶುರುವಾಯಿತು. ಶುರುಮಾಡಿದ ಎಸ್.ವಿ. ನಾರಾಯಣಸ್ವಾಮಿ ರಾವ್ ಆಗಿನ್ನೂ ಹುಡುಗ. ಹುಡುಗರು ಬೀದಿಯಲ್ಲಿ ಚಂದಾ ಎತ್ತಿ ರಾಮನನ್ನು ಕೂರಿಸುವುದು ನಮ್ಮ ಊರುಗಳಲ್ಲಿ ಹೊಸದೇನಲ್ಲ. ಇದು ಮಾತ್ರ ಬೆಳೆದು ನಿಂತಿತು. ಎಂ.ಎಸ್. ಸುಬ್ಬುಲಕ್ಷ್ಮಿ, ಚೆಂಬೈ ವೈದ್ಯನಾಥ ಭಾಗವತರ್, ಬಾಲಮುರಳಿಕೃಷ್ಣ, ಏಸುದಾಸ್ ಇಲ್ಲಿ ಹಾಡಿದರು. ಹಿಂದೂಸ್ತಾನಿಯ ದೊಡ್ಡವರೂ ಬಂದರು. ಬೇಸಿಗೆಯ ಸುಮಾರು ಒಂದು ತಿಂಗಳು ಸಂಜೆ ಆದರೆ ಸಾಕು, ಜನ ಅತ್ತ ನಡೆಯುತ್ತಾರೆ.

ಈ ಚಪ್ಪರದ ಒಂದು ಗುಣ ಬೇರೆ ಹಾಲ್‌ಗಳಿಗಿಲ್ಲ. ಒಳಗೆ ಟಿಕೆಟ್ಟು, ಮುಂದಿನ ಸಾಲಿಗೆ ಒಂದು ರೇಟು, ಹಿಂದಕ್ಕೆ ಇನ್ನೊಂದು. ಆದರೆ ಚಪ್ಪರಕ್ಕೆ ಗೋಡೆ ಇಲ್ಲವಲ್ಲ. ಟಿಕೆಟ್ಟು ಕೊಳ್ಳದವರು ಸ್ಕೂಟರ್ ನಿಲ್ಲಿಸಿ ಅದರ ಮೇಲೇ ಕೂತು ತೋಡಿ ರಾಗವನ್ನು ಪೂರ್ತಿ ಕೇಳಿ ಹೋಗಬಹುದು. ತರಕಾರಿ ಚೀಲ ಕಾಲ ಬಳಿ ಇಟ್ಟು, ತೊಡೆಯ ಮೇಲೆ ಆದಿತಾಳ ಹಾಕುತ್ತ ನಿಂತವರಿಗೂ ಸಂಗೀತ ಸಿಗುತ್ತದೆ. ಸಂಗೀತ ಕೆಲವೇ ಮನೆಗಳ ಸೊತ್ತು ಎಂಬ ದೂರು ಈ ಕೇರಿಯ ಮೇಲೆ ಬಹಳ ಹಿಂದಿನಿಂದ ಇದೆ. ಅದರಲ್ಲಿ ಹುರುಳೂ ಇದೆ. ಹಜಾರದ ಕಛೇರಿಗೆ ಕರೆದವರು ಮಾತ್ರ ಹೋಗುತ್ತಿದ್ದರು, ಯಾರನ್ನು ಕರೆಯುತ್ತಿದ್ದರು ಎನ್ನುವುದು ಎಲ್ಲರಿಗೂ ಗೊತ್ತು. ಆ ಬಾಗಿಲನ್ನು ಸ್ವಲ್ಪವಾದರೂ ತೆರೆದದ್ದು ಚಪ್ಪರ. ಅದಕ್ಕೇ ಹಜಾರಕ್ಕಿಂತ ಚಪ್ಪರದ ಬಗ್ಗೆ ನನಗೆ ಕಾಳಜಿ ಜಾಸ್ತಿ.

ಈಗ ಕಾನೂನಿಗೆ ಬನ್ನಿ. ಶಾಲೆಯ ಕಟ್ಟಡಕ್ಕೆ ದರ್ಜೆ ಕೊಡಬಹುದು. ಕಟ್ಟಿದ ವರ್ಷ, ಶೈಲಿ, ಬಳಸಿದ ಕಲ್ಲು ಎಲ್ಲ ಬರೆಯಬಹುದು. ಚಪ್ಪರಕ್ಕೆ ಏನು ಬರೆಯುವುದು? ವರ್ಷಕ್ಕೊಮ್ಮೆ ಏಳುತ್ತದೆ, ವರ್ಷಕ್ಕೊಮ್ಮೆ ಇಳಿಯುತ್ತದೆ. ಅದರ ವಯಸ್ಸು ಎಂಬತ್ತು ದಾಟಿದೆ ಅನ್ನಬೇಕೋ, ಒಂದು ತಿಂಗಳು ಅನ್ನಬೇಕೋ? ಸುಮ್ನೆ ತಮಾಷೆಗೆ ಕೇಳುತ್ತಿಲ್ಲ. ನಾಳೆ ಯಾವುದೋ ಒಳ್ಳೆಯ ಉದ್ದೇಶಕ್ಕೆ ಇಂಥ ಮೈದಾನದಲ್ಲಿ ಹೊಸ ಕಟ್ಟಡವೋ ಪಾರ್ಕಿಂಗೋ ಬಂದರೆ, ಪಾರಂಪರಿಕ ಕಟ್ಟಡಕ್ಕೆ ಧಕ್ಕೆ ಆಗಿಲ್ಲ ಎಂದು ಕಾಗದದಲ್ಲಿ ಬರೆಯಬಹುದು. ಬರೆದದ್ದು ಸುಳ್ಳೂ ಆಗುವುದಿಲ್ಲ.

ಏಳು ತಂತಿಯ ಪಿಟೀಲು ಹೇಳುವ ಕಥೆ

ಜಾಗಕ್ಕೂ ಸಂಗೀತಕ್ಕೂ ಅಷ್ಟು ನಂಟಿದೆಯೇ, ಒಳ್ಳೆ ಸಂಗೀತ ಎಲ್ಲಿ ಹಾಡಿದರೂ ಒಳ್ಳೆಯದೇ ಅಲ್ವಾ ಎಂದು ಕೇಳುವವರಿದ್ದಾರೆ. ಅವರಿಗೆ ಟಿ. ಚೌಡಯ್ಯನವರ ಪಿಟೀಲನ್ನು ತೋರಿಸಬೇಕು.

ಚೌಡಯ್ಯ ಹುಟ್ಟಿದ್ದು 1895ರಲ್ಲಿ, ತಿರುಮಕೂಡಲಿನಲ್ಲಿ. ಮೈಸೂರಿನ ಬಿಡಾರಂ ಕೃಷ್ಣಪ್ಪನವರ ಶಿಷ್ಯ. ಅವರ ಕಾಲಕ್ಕೆ ಕಛೇರಿ ಅರಮನೆಯ ಸಣ್ಣ ಸಭೆಯಿಂದ ದೊಡ್ಡ ಸಭೆಗಳಿಗೆ ಬಂದಿತ್ತು, ಮೈಕ್ ಇನ್ನೂ ಬಂದಿರಲಿಲ್ಲ. ಹಿಂದೆ ಕೂತವರಿಗೆ ಪಿಟೀಲು ಕೇಳುತ್ತಿರಲಿಲ್ಲ. ಅದಕ್ಕೆ ಅವರು ನಾಲ್ಕು ತಂತಿಯ ವಾದ್ಯಕ್ಕೆ ಇನ್ನೂ ಮೂರು ಸೇರಿಸಿ ಏಳು ಮಾಡಿಕೊಂಡರು. ನಾದ ತುಂಬಿತು, ದೂರಕ್ಕೂ ಮುಟ್ಟಿತು. ಕೇಳುವ ಜಾಗ ಬದಲಾದದ್ದಕ್ಕೆ ವಾದ್ಯವೇ ಬದಲಾಯಿತು ನೋಡಿ.

ಅವರ ನೆನಪಿಗೆ 1980ರಲ್ಲಿ ತಲೆಯೆತ್ತಿದ ಚೌಡಯ್ಯ ಸ್ಮಾರಕ ಭವನ ಪಿಟೀಲಿನ ಆಕಾರದಲ್ಲೇ ಇದೆ. ಮೇಲಿಂದ ನೋಡಿದರೆ ತಂತಿ, ಅದನ್ನು ಹೊತ್ತ ಕುದುರೆ, ಅದನ್ನು ಬಿಗಿಯುವ ಬಿರಡೆ ಎಲ್ಲ ಗುರುತು ಸಿಗುತ್ತದೆ. ಅದು ಇರುವುದು ಮಲ್ಲೇಶ್ವರದ ಕಡೆ, ನಮ್ಮ ಈ ಕೇರಿಯಲ್ಲಲ್ಲ. ಆದರೂ ಹೋಲಿಕೆ ಕುತೂಹಲದ್ದು. ಕಟ್ಟಡಕ್ಕೆ ಇನ್ನೂ ಐವತ್ತು ತುಂಬಿಲ್ಲ, ಆದರೂ ಅದನ್ನು ಮುಟ್ಟಲು ಯಾರೂ ಧೈರ್ಯ ಮಾಡುವುದಿಲ್ಲ, ಏಕೆಂದರೆ ಅದು ಕಣ್ಣಿಗೆ ಕಾಣುವ ಪಿಟೀಲು. ಎಂಬತ್ತು ವರ್ಷ ದಾಟಿದ ಚಪ್ಪರಕ್ಕೆ ಕಾಣುವಂಥ ರೂಪವೇ ಇಲ್ಲ.

ಮನೆಯವರ ಲೆಕ್ಕ

ಹಳೆ ಮನೆ ಕೆಡವುವವರನ್ನು ಬೈಯುವುದು ಸುಲಭ. ಅವರ ಲೆಕ್ಕವನ್ನೂ ಒಮ್ಮೆ ಮಾಡಿ ನೋಡೋಣ.

ಒಂದು ಅರವತ್ತು–ನಲವತ್ತರ ಸೈಟು ಅಂತಿಟ್ಟುಕೊಳ್ಳಿ, 2,400 ಚದರಡಿ. ಅದರಲ್ಲಿ ಅಜ್ಜ ಕಟ್ಟಿಸಿದ 1,400 ಚದರಡಿಯ ಮನೆ. ಎಫ್‌ಎಆರ್ ಎಂದರೆ ಸೈಟಿನ ಎಷ್ಟು ಪಟ್ಟು ಕಟ್ಟಬಹುದು ಎಂಬ ಅಳತೆ. ಅದು 1.75 ಆದರೆ ಅದೇ ಜಾಗದಲ್ಲಿ 4,200 ಚದರಡಿ ಕಟ್ಟಬಹುದು. ಮೂರು ಪಟ್ಟು. ಮೆಟ್ರೊ ಹತ್ತಿರ ಬಂದರೆ ಇನ್ನೂ ಎತ್ತರಕ್ಕೆ ಹೋಗಲು ಪ್ರೋತ್ಸಾಹ ಕೊಡಬೇಕು ಎನ್ನುವುದೇ ಸರ್ಕಾರದ ನೀತಿ. ನ್ಯಾಷನಲ್ ಕಾಲೇಜು, ಕೃಷ್ಣರಾಜ ಮಾರುಕಟ್ಟೆ ನಿಲ್ದಾಣಗಳು 2017ರಲ್ಲೇ ಶುರುವಾದವು. ಅಂದರೆ ಒಂದು ಕೈ ಮನೆ ಉಳಿಸಿ ಅನ್ನುತ್ತದೆ, ಇನ್ನೊಂದು ಕೈ ಎತ್ತರ ಕಟ್ಟಿ ಅನ್ನುತ್ತದೆ. ಎರಡೂ ಸರ್ಕಾರದ್ದೇ ಕೈ.

ಮನೆಗೆ ನಾಲ್ಕು ಜನ ವಾರಸುದಾರರು. ಒಬ್ಬರು ಇಲ್ಲಿದ್ದಾರೆ, ಒಬ್ಬರು ಪುಣೆಯಲ್ಲಿ, ಇಬ್ಬರು ವಿದೇಶದಲ್ಲಿ. ಹಜಾರವನ್ನು ನಾಲ್ಕು ಪಾಲು ಮಾಡಲು ಆಗುವುದಿಲ್ಲ, ನಾಲ್ಕು ಫ್ಲಾಟ್ ಮಾಡಬಹುದು. ಮಳೆಗಾಲಕ್ಕೆ ಹೆಂಚು ಸೋರುತ್ತದೆ. ತೊಲೆಗೆ ಗೆದ್ದಲು. ಸುಣ್ಣದ ಗಾರೆ ಗೊತ್ತಿರುವ ಮೇಸ್ತ್ರಿ ಸಿಗುವುದು ಕಷ್ಟ, ಸಿಕ್ಕರೂ ಕೂಲಿ ಜಾಸ್ತಿ. ಬಿಲ್ಡರ್ ಬಂದು ಜಂಟಿ ಅಭಿವೃದ್ಧಿ ಮಾಡೋಣ, ನಿಮಗೊಂದು ಪೈಸೆ ಖರ್ಚಿಲ್ಲ ಎಂದಾಗ ಬೇಡ ಅನ್ನುವುದು ಎಷ್ಟು ಜನಕ್ಕೆ ಸಾಧ್ಯ?

ಇಂಥ ಮಾಲೀಕರಿಗೆ ‘ನಿಮ್ಮ ಮನೆಯನ್ನು ಪಾರಂಪರಿಕ ಪಟ್ಟಿಗೆ ಸೇರಿಸುತ್ತೇವೆ’ ಎಂದರೆ ಅದು ಗೌರವದ ಹಾಗೆ ಕೇಳುವುದಿಲ್ಲ. ನಿಮ್ಮ ಸೈಟಿನ ಬೆಲೆ ಇಳಿಸುತ್ತೇವೆ ಎಂದ ಹಾಗೆ ಕೇಳುತ್ತದೆ. ಪಟ್ಟಿ ಬರುತ್ತದೆ ಎಂಬ ಸುದ್ದಿ ಹಬ್ಬಿದರೆ, ಬರುವುದರೊಳಗೆ ಕೆಡವಿಬಿಡೋಣ ಎಂಬ ಆತುರ ಹುಟ್ಟುತ್ತದೆ. ಉಳಿಸಲು ಮಾಡುವ ಪಟ್ಟಿಯೇ ಮನೆ ಉರುಳಿಸುವ ಅವಸರಕ್ಕೆ ಕಾರಣವಾಗುತ್ತದೆ. ಪಟ್ಟಿಯ ಜೊತೆಗೇ ಪರಿಹಾರವೂ ಕೈಗೆ ಸಿಗದಿದ್ದರೆ ಇದನ್ನು ತಪ್ಪಿಸಲಾಗದು.

ಪರಿಹಾರಕ್ಕೆ ಕಾಗದದಲ್ಲಿ ಟಿಡಿಆರ್ ಇದೆ. ನೀವು ಕಟ್ಟಬಹುದಾಗಿದ್ದ, ಆದರೆ ಕಟ್ಟದೆ ಬಿಟ್ಟ ಚದರಡಿಗಳ ಹಕ್ಕನ್ನು ಪ್ರಮಾಣಪತ್ರವಾಗಿ ಪಡೆದು ಬೇರೆ ಕಡೆ ಕಟ್ಟುವವರಿಗೆ ಮಾರಿಕೊಳ್ಳುವುದು. ಮೇಲಿನ ಲೆಕ್ಕದಲ್ಲಿ 2,800 ಚದರಡಿ. ಕೇಳಲು ಚೆಂದ. ಆದರೆ ರಸ್ತೆ ಅಗಲ ಮಾಡಲು ಜಾಗ ಕೇಳಿದಾಗ ಟಿಡಿಆರ್ ಬೇಡ, ದುಡ್ಡೇ ಕೊಡಿ ಎಂದವರು ಈ ಊರಿನಲ್ಲಿ ಕಡಿಮೆ ಇಲ್ಲ. ಕೊಳ್ಳುವವರು ಇಲ್ಲದಿದ್ದರೆ ಅದು ಬರೀ ಕಾಗದ ಎನ್ನುವುದು ಅವರ ಭಯ. ಹಳೆ ಮನೆಯವರಿಗೂ ಅದೇ ಭಯ. ಆಸ್ತಿ ತೆರಿಗೆಯಲ್ಲಿ ರಿಯಾಯಿತಿ, ರಿಪೇರಿಗೆ ನೆರವು ಇವು ಸಣ್ಣ ಮೊತ್ತವಾದರೂ ಕೈಗೆ ಬೇಗ ಸಿಗುವಂಥವು. ನನ್ನ ಮಟ್ಟಿಗೆ ಅಲ್ಲಿಂದ ಶುರುಮಾಡುವುದು ಜಾಣತನ.

ಉಳಿಸೋಣ ಎನ್ನುವವರಲ್ಲೇ ಎರಡು ಗುಂಪು

ಮಾಲೀಕರು ಒಂದು ಕಡೆ, ಉಳಿಸುವವರು ಇನ್ನೊಂದು ಕಡೆ ಎಂದರೆ ವಿಷಯ ಸರಳವಾಗಿರುತ್ತಿತ್ತು. ಹಾಗಿಲ್ಲ.

ಕಟ್ಟಡ ಪ್ರೇಮಿಗಳಿಗೆ ಮುಖ್ಯವಾದದ್ದು ರೂಪ. ಮಂಕಿ ಟಾಪ್ ಉಳಿಯಬೇಕು, ಕಂಬ ಉಳಿಯಬೇಕು, ಒಳಗೆ ಏನು ನಡೆದರೂ ಸರಿ. ಹೀಗೆ ಉಳಿದ ಕೆಲವು ಮನೆಗಳು ಈಗ ಕೆಫೆ ಆಗಿವೆ, ಸೀರೆ ಅಂಗಡಿ ಆಗಿವೆ. ತಪ್ಪೇನಿಲ್ಲ, ಬಿದ್ದು ಹೋಗುವುದಕ್ಕಿಂತ ವಾಸಿ. ಆದರೆ ವರಸೆ ಹಾಡುತ್ತಿದ್ದ ಹಜಾರದಲ್ಲಿ ಈಗ ಕಾಫಿ ಯಂತ್ರದ ಸದ್ದು. ರೂಪ ಉಳಿಯಿತು, ಪಾಠ ಹೋಯಿತು.

ಸಂಗೀತದವರಿಗೆ ಬೇಕಾದದ್ದು ಬೇರೆ. ಕಡಿಮೆ ಬಾಡಿಗೆಯ ಹಾಲ್, ವಯಸ್ಸಾದ ರಸಿಕರಿಗೆ ಮೆಟ್ಟಿಲಿಲ್ಲದ ದಾರಿ, ಒಳ್ಳೆ ಶೌಚಾಲಯ, ಬಸ್ಸು ನಿಲ್ಲುವ ಜಾಗ. ಕಛೇರಿ ನಡೆಸುವ ಹಳೆ ಸಂಗೀತ ಸಭೆಯೊಂದು ಲಿಫ್ಟ್ ಹಾಕಿಸಲು, ಧ್ವನಿ ವ್ಯವಸ್ಥೆ ಬದಲಿಸಲು ಹೊರಟಾಗ ಪಾರಂಪರಿಕ ನಿಯಮ ಅಡ್ಡ ಬಂದರೆ ಅವರು ಅದನ್ನು ಶತ್ರು ಎಂದೇ ಕಾಣುತ್ತಾರೆ. ಸರ್ಕಾರದ ದೊಡ್ಡ ರಂಗಮಂದಿರಗಳಿವೆಯಲ್ಲ ಅನ್ನಬಹುದು. 1935ರ ಪುಟ್ಟಣ್ಣ ಚೆಟ್ಟಿ ಪುರಭವನ, ಠಾಗೋರರ ಜನ್ಮಶತಮಾನೋತ್ಸವದ ನೆನಪಿಗೆ ಕಟ್ಟಿ 1963ರಲ್ಲಿ ತೆರೆದ ರವೀಂದ್ರ ಕಲಾಕ್ಷೇತ್ರ ಎರಡೂ ಇಲ್ಲೇ ಹತ್ತಿರ. ಆದರೆ ನೂರೈವತ್ತು ಜನ ಕೇಳುವ ಕಛೇರಿಗೆ ಅವು ತೀರಾ ದೊಡ್ಡವು. ಖಾಲಿ ಕುರ್ಚಿಗಳ ಮುಂದೆ ಹಾಡುವುದು ಯಾರಿಗೂ ಇಷ್ಟವಿಲ್ಲ.

ಕಣ್ಣಿಗೆ ಕಾಣುವ ಪರಂಪರೆ, ಕಾಣದ ಪರಂಪರೆ ಎಂದು ಜಗತ್ತಿನಲ್ಲೂ ಎರಡು ಹಾದಿಗಳಿವೆ. ಹಾಡು, ಹಬ್ಬ, ಕಸುಬುಗಳನ್ನು ಕಾಪಾಡುವ ಬಗ್ಗೆ ಯುನೆಸ್ಕೊ 2003ರಲ್ಲಿ ಒಂದು ಒಪ್ಪಂದ ಮಾಡಿತು. 2005ರಲ್ಲಿ ಭಾರತ ಅದಕ್ಕೆ ಸೇರಿತು. ಚೆನ್ನೈಗೆ 2017ರಲ್ಲಿ ಸಂಗೀತದ ಸೃಜನಶೀಲ ನಗರ ಎಂಬ ಯುನೆಸ್ಕೊ ಗೌರವವೂ ಸಿಕ್ಕಿತು. ಆದರೆ ನಮ್ಮ ಪಾಲಿಕೆಯ ಇಂಜಿನಿಯರ್ ನಕ್ಷೆಗೆ ಮಂಜೂರಾತಿ ಕೊಡುವಾಗ ಆ ಒಪ್ಪಂದವನ್ನು ತೆರೆದು ನೋಡಬೇಕಿಲ್ಲ. ಒಂದು ಸಂಸ್ಕೃತಿ ಇಲಾಖೆಯ ಕೆಲಸ, ಇನ್ನೊಂದು ನಗರಾಭಿವೃದ್ಧಿಯ ಕೆಲಸ. ಸಂಗೀತ ಕಛೇರಿಯ ಹಣೆಬರಹ ಬರೆಯುವ ಸರ್ಕಾರಿ ಕಚೇರಿ ಯಾವುದು ಎಂದು ಕೇಳಿದರೆ ಉತ್ತರವಿಲ್ಲ.

ಹತ್ತು ಗಂಟೆಯ ಗಡಿ

ಇನ್ನೊಂದು ಸಣ್ಣ ವಿಷಯ, ಮುಂದೆ ದೊಡ್ಡದಾಗುವಂಥದ್ದು. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ವರ್ಷಕ್ಕೆ ಹೆಚ್ಚೆಂದರೆ 15 ದಿನ ಹಬ್ಬ, ಉತ್ಸವಗಳಿಗೆ ರಾತ್ರಿ 12ರವರೆಗೆ ರಾಜ್ಯ ಸರ್ಕಾರ ಸಡಿಲಿಕೆ ಕೊಡಬಹುದು. ಒಳ್ಳೆಯ ನಿಯಮವೇ. ಹಳೆ ಕಾಲದ ಐದು ಗಂಟೆಯ ಕಛೇರಿ ಹೋಗಿ ಎರಡೂವರೆ ಗಂಟೆಗೆ ಇಳಿದಿರುವಾಗ ಸಂಗೀತದವರಿಗೂ ಇದರಿಂದ ದೊಡ್ಡ ತೊಂದರೆ ಇಲ್ಲ.

ತೊಂದರೆ ಬರುವುದು ಸುತ್ತಲಿನ ಮನೆಗಳು ಬದಲಾದಾಗ. ಚಪ್ಪರದ ಪಕ್ಕ ಹೊಸ ಅಪಾರ್ಟ್‌ಮೆಂಟ್ ಬಂತು ಅಂತಿಟ್ಟುಕೊಳ್ಳಿ. ಅಲ್ಲಿ ಫ್ಲಾಟ್ ಕೊಂಡವರಿಗೆ ಒಂದು ತಿಂಗಳ ಸಂಗೀತ ಹಬ್ಬವಾಗಿ ಕಾಣದೆ ಗಲಾಟೆಯಾಗಿ ಕಾಣಬಹುದು. ಅವರ ನಿದ್ದೆಯೂ ನಿದ್ದೆಯೇ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ 2014ರಲ್ಲಿ, ಇಂಗ್ಲೆಂಡ್ 2018ರಲ್ಲಿ ಇದಕ್ಕೊಂದು ದಾರಿ ಕಂಡುಕೊಂಡವು. ಮೊದಲಿನಿಂದ ಸಂಗೀತ ನಡೆಯುತ್ತಿದ್ದ ಜಾಗದ ಪಕ್ಕಕ್ಕೆ ಆಮೇಲೆ ಮನೆ ಕಟ್ಟಲು ಬಂದವರೇ ಸದ್ದು ತಡೆಯುವ ಕಿಟಕಿ, ಗೋಡೆಗಳ ಹೊಣೆ ಹೊರಬೇಕು. ನಮ್ಮ ಕಟ್ಟಡ ನಿಯಮಗಳಲ್ಲೂ ಇಂಥ ಒಂದು ಸಾಲು ಸೇರಿದರೆ ಪಾಲಿಕೆಗೆ ಖರ್ಚಿಲ್ಲ, ಸಭೆಗಳಿಗೆ ಬಲ ಬರುತ್ತದೆ.

ಮುಂದೆ ಏನಾಗಬಹುದು?

ಈಗಿರುವಂತೆಯೇ ಬಿಟ್ಟರೆ ನಡೆಯುವುದು ಊಹಿಸಲು ಕಷ್ಟವಲ್ಲ. ಸರ್ಕಾರದ ಮತ್ತು ಸಂಸ್ಥೆಗಳ ಕಟ್ಟಡಗಳು ಉಳಿಯುತ್ತವೆ, ಖಾಸಗಿ ಮನೆಗಳು ಒಂದೊಂದಾಗಿ ಹೋಗುತ್ತವೆ. ಮನೆಗಳ ಜೊತೆ ಮೇಷ್ಟರುಗಳೂ ಬನಶಂಕರಿಯಾಚೆಗೆ, ಕನಕಪುರ ರಸ್ತೆಗೆ ಹೋಗುತ್ತಾರೆ. ಪಾಠ ಆನ್‌ಲೈನ್ ಆಗುತ್ತದೆ, ಎಷ್ಟೋ ಕಡೆ ಆಗಲೇ ಆಗಿದೆ. ಸಭೆಗಳು ಅಲ್ಲೇ ಇರುತ್ತವೆ. ಆದರೆ ನಡೆದು ಬರುವ ಕೇಳುಗರ ಜಾಗದಲ್ಲಿ ಕಾರಿನಲ್ಲಿ ಬರುವ ಕೇಳುಗರು. ಕಾರಿಗೆ ಜಾಗ ಸಿಗದ ದಿನ ಅವರೂ ಬರುವುದಿಲ್ಲ. ಸಂಗೀತಕ್ಕೆ ಹಾನಿ ಆಗುವುದು ಹೀಗೆ, ಯಾವ ಪೇಪರಿನಲ್ಲೂ ಫೋಟೊ ಬರದ ರೀತಿಯಲ್ಲಿ.

ಕಟ್ಟಡಗಳ ಪಟ್ಟಿ ಮಾತ್ರ ಬಿಗಿಯಾದರೆ ಇನ್ನೊಂದು ಚಿತ್ರ. ನಾಲ್ಕಾರು ಬೀದಿಗಳು ಚೆಂದವಾಗಿ ಉಳಿಯುತ್ತವೆ, ಬಾಡಿಗೆ ಏರುತ್ತದೆ, ಭಾನುವಾರ ಬೆಳಿಗ್ಗೆ ಪಾರಂಪರಿಕ ನಡಿಗೆಗೆ ಜನ ಬರುತ್ತಾರೆ. ಏರಿದ ಬಾಡಿಗೆ ಕೊಡಲು ಆಗದವರಲ್ಲಿ ಸಂಗೀತದ ಮೇಷ್ಟರೇ ಮೊದಲಿಗರಾಗುತ್ತಾರೆ.

ಮೂರನೆಯ ದಾರಿ ಮೈದಾನ, ಸಭೆ, ಪಾಠದ ಮನೆಗಳನ್ನು ಒಂದೇ ನಕ್ಷೆಯಲ್ಲಿ ಗುರುತಿಸುವುದು. ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ. ‘ಪಾರಂಪರಿಕ ಪ್ರದೇಶ’ ಎಂಬ ವ್ಯಾಖ್ಯೆ ಈಗಾಗಲೇ ಇದೆ. ಒಂದು ಮೈದಾನದಲ್ಲಿ ವರ್ಷಕ್ಕೆ ಇಷ್ಟು ದಿನ ಇಂಥ ಬಳಕೆ ಇದೆ ಎಂದು ಯೋಜನೆಯಲ್ಲಿ ಬರೆದರೆ, ಮುಂದೆ ಅಲ್ಲಿ ಏನೇ ಕಟ್ಟುವ ಮೊದಲು ಆ ಬಳಕೆಗೆ ಉತ್ತರ ಕೊಡಬೇಕಾಗುತ್ತದೆ. ಶಾಲೆ ಶಾಲೆಯಾಗಿಯೇ ಇರುತ್ತದೆ, ಮೈದಾನ ಹನ್ನೊಂದು ತಿಂಗಳು ಮಕ್ಕಳದ್ದೇ.

ಅಡ್ಡಿ ಏನೆಂದರೆ, ಬರೆಯಬೇಕಾದ ಯೋಜನೆಯೇ ಇನ್ನೂ ಇಲ್ಲ. ಬೆಂಗಳೂರು ಇವತ್ತಿಗೂ ನಡೆಯುತ್ತಿರುವುದು 2007ರಲ್ಲಿ ಒಪ್ಪಿಗೆ ಪಡೆದ, 2015ಕ್ಕೆಂದು ಮಾಡಿದ ಮಹಾಯೋಜನೆಯ ಮೇಲೆ. 2031ಕ್ಕೆಂದು ಮಾಡಿದ ಕರಡು 2017ರಲ್ಲಿ ಹೊರಬಂತು, ಜಾರಿಗೆ ಬರಲಿಲ್ಲ. ಆ ಕರಡಿನಲ್ಲಿ ಪಾರಂಪರಿಕ ವಲಯಗಳ ಮಾತಿತ್ತು. ಅದನ್ನು ಓದಿ ‘ಬಸವನಗುಡಿ ಪಾರಂಪರಿಕ ವಲಯವಂತೆ’ ಎಂದು ನಂಬಿಕೊಂಡವರು ಈಗಲೂ ಇದ್ದಾರೆ. ಐದು ಪಾಲಿಕೆಗಳನ್ನು ಮಾಡಿದ ಹೊಸ ಕಾಯ್ದೆಯ ಪ್ರಕಾರ ಯೋಜನೆ ಮಾಡುವ ಅಧಿಕಾರ ಗ್ರೇಟರ್ ಬೆಂಗಳೂರು ಪ್ರಾಧಿಕಾರದ್ದು. ಚಾಮರಾಜಪೇಟೆ ಒಂದು ಪಾಲಿಕೆಯಲ್ಲಿ, ಬಸವನಗುಡಿ ಇನ್ನೊಂದರಲ್ಲಿ ಇದ್ದರೂ ಯೋಜನೆ ಒಂದೇ ಕಡೆ ಆಗುವುದು ಈ ಕೇರಿಯ ಮಟ್ಟಿಗೆ ಒಳ್ಳೆಯ ಸುದ್ದಿ.

ಕರಡು ಬಂದಾಗ ಜನರ ಆಕ್ಷೇಪ, ಸಲಹೆಗಳನ್ನು ಕೇಳಲೇಬೇಕು ಎನ್ನುತ್ತದೆ ಕಾಯ್ದೆ. ಹಿಂದಿನ ಸಲ ಎತ್ತರ, ರಸ್ತೆ, ಕೆರೆಗಳ ಬಗ್ಗೆ ಬಹಳ ಜನ ಬರೆದರು. ಈ ಸಲ ಸಭೆಗಳ ಕಾರ್ಯದರ್ಶಿಗಳು, ಸಂಗೀತ ಕಲಿಸುವವರು, ಸ್ಕೂಟರ್ ಮೇಲೆ ಕೂತು ತೋಡಿ ಕೇಳುವವರು ಅರ್ಜಿ ಹಾಕುವಾಗ ಮೊದಲು ತೆರೆದು ನೋಡಬೇಕಾದದ್ದು ಭೂಬಳಕೆಯ ನಕ್ಷೆ. ಅದರಲ್ಲಿ ಕೋಟೆ ಹೈಸ್ಕೂಲ್ ಮೈದಾನಕ್ಕೆ ಯಾವ ಬಣ್ಣ ಬಳಿದಿದ್ದಾರೆ, ಪಕ್ಕದ ಟಿಪ್ಪಣಿಯಲ್ಲಿ ಏನು ಬರೆದಿದ್ದಾರೆ ಎನ್ನುವುದನ್ನು.